ಎರಡು ನೆತ್ತಿ, ಒಂದೇ ದಾರ

ನನ್ನ ತಲೆಬುರುಡೆಯ ಒಂದು ತುಂಡು ಕೆಲವು ತಿಂಗಳ ಕಾಲ ನನ್ನ ಹೊಟ್ಟೆಯೊಳಗಿತ್ತು. ಹೆಚ್ಚುಕಡಿಮೆ ಅಂಗೈಯಷ್ಟು ಅಗಲದ ಮೂಳೆ. ಹೊಕ್ಕುಳಿನ ಬಲಕ್ಕೆ, ಚರ್ಮದ ಕೆಳಗೆ ಅದನ್ನು ಇಟ್ಟು ಹೊಲಿದಿದ್ದರು. ಬಗ್ಗಿದರೆ ಅದರ ಅಂಚು ಒತ್ತುತ್ತಿತ್ತು. ಇದನ್ನು ಹೇಳಿದಾಗ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಹೊಟ್ಟೆಯ ಕಡೆ ಕಳ್ಳನೋಟ ಹಾಕುತ್ತಾರೆ. ಅವರನ್ನು ದೂರುವಂತಿಲ್ಲ. ಅದನ್ನು ಹೊತ್ತು ತಿರುಗಿದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನನ್ನ ಹೆಸರು ಸುಮಾ. ತವರು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲು. ಕೊಟ್ಟದ್ದು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಗೆ. ನನ್ನ ಗಂಡ ಯೋಗೇಶ್ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ, ಜೊತೆಗೆ ಒಂದಿಷ್ಟು ಕಬ್ಬು. ನಾನು ಕೆ.ಆರ್. ಪೇಟೆಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಮೊದಲ ಹೆರಿಗೆಗೆ ತವರಿಗೆ ಬಂದಿದ್ದೆ. ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಪೂರ್ವಿ ಎಂದು ಹೆಸರಿಡುವುದೆಂದು ಮೊದಲೇ ಮಾತಾಡಿಕೊಂಡಿದ್ದೆವು.

ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಬಾಣಂತನದ ಕೋಣೆಯಲ್ಲಿ ಮಲಗಿದ್ದಾಗಲೇ ಆ ತಲೆನೋವು ಶುರುವಾದದ್ದು. ಮೊದಲು ಕಣ್ಣಿನ ಹಿಂದೆ, ಆಮೇಲೆ ತಲೆಯೆಲ್ಲ.

"ಗಾಳಿ ಹೊಕ್ಕದೆ ಕಣಮ್ಮಿ, ಒಸಿ ಬಿಗಿಯಾಗಿ ಕಟ್ಕೋ" ಅಂದಳು ಅವ್ವ. ಕಟ್ಟಿಕೊಂಡೆ. ಕಷಾಯ ಕೊಟ್ಟಳು, ಕುಡಿದೆ. ಅದು ಹೊರಗೆ ಬಂತು. ಬಾಗಿಲ ಸಂದಿಯ ಬೆಳಕು ಕೂಡ ಸೂಜಿಯಂತೆ ಚುಚ್ಚತೊಡಗಿತು. ಒಂದು ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತ ಕೂತಿದ್ದೆ. ನನ್ನ ಎಡಗೈ ನನಗೆ ಹೇಳದೆ ಕೇಳದೆ ಸಡಿಲವಾಯಿತು. ಮಗು ಜಾರಿತು. ಪಕ್ಕದಲ್ಲೇ ಇದ್ದ ಅವ್ವ ಎರಡೂ ಕೈ ಚಾಚಿ ಹಿಡಿದುಕೊಂಡಳು. ಅವಳು ಕೂಗಿದ್ದು ಕೇಳಿಸಿತು. ನನಗೆ ನೆನಪಿರುವುದು ಅಷ್ಟೆ.

ಫಿಟ್ಸ್ ಬಂದಿತ್ತಂತೆ. ಪಕ್ಕದ ಮನೆಯವರು "ಬಾಣಂತಿ ಸನ್ನಿ" ಅಂದರಂತೆ. ಅಪ್ಪ ಯಾರ ಮಾತೂ ಕೇಳದೆ ಸಿಕ್ಕಿದ ಕಾರು ಹತ್ತಿಸಿ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದನಂತೆ. ಮುಂದಿನದನ್ನೆಲ್ಲ ನಾನು ಅವರಿವರ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ.

ಮಿದುಳಿನಿಂದ ರಕ್ತ ವಾಪಸು ಬರುವ ನಾಳದಲ್ಲಿ ಹೆಪ್ಪು ಕಟ್ಟಿತ್ತು. ಮಿದುಳು ಊದಿಕೊಂಡಿತ್ತು, ಊದಿಕೊಳ್ಳಲು ಒಳಗೆ ಜಾಗವಿರಲಿಲ್ಲ. ಶೀಳನೆರೆಯಿಂದ ಓಡಿಬಂದಿದ್ದ ಯೋಗೇಶ್‌ರನ್ನು ಡಾಕ್ಟರು ಕರೆದು, ತಲೆಯ ಬಲಗಡೆ ಮೂಳೆ ತೆಗೆದು ಜಾಗ ಮಾಡಿಕೊಡದಿದ್ದರೆ ಉಳಿಯುವುದು ಕಷ್ಟ ಅಂದರು.

"ತಗ್ದಿದ್ ಮೂಳೆ ಎಲ್ಲಿಡ್ತೀರಾ ಸಾರ್?"

"ಅವರ ಹೊಟ್ಟೆಯಲ್ಲೇ ಇಡ್ತೀವಿ. ಅಲ್ಲಿ ಕೆಡದೆ ಇರುತ್ತೆ. ಊತ ಇಳಿದ ಮೇಲೆ ವಾಪಸ್ ಕೂರಿಸೋದು."

ಯೋಗೇಶ್ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರಂತೆ. ಸಹಿ ಹಾಕಲು ಅವರನ್ನು ಎಬ್ಬಿಸಿದ್ದು ನನ್ನ ಚಿಕ್ಕವ್ವ.

ಚಿಕ್ಕವ್ವನ ಬಗ್ಗೆ ಹೇಳಬೇಕು. ಗೌರಮ್ಮ ಅಂತ, ಅವ್ವನ ತಂಗಿ, ಪಾಂಡವಪುರದಲ್ಲಿದ್ದಾಳೆ. ಅವಳ ಕೈಯಲ್ಲಿ ಯಾವಾಗಲೂ ಕ್ರೋಶಾ ಕಡ್ಡಿ. ಬಾಗಿಲಿಗೆ ತೋರಣ, ಟೀವಿಗೆ ಹೊದಿಕೆ, ಮಿಕ್ಸಿಗೆ ಹೊದಿಕೆ, ರಿಮೋಟಿಗೆ ಚೀಲ, ಕುರ್ಚಿಯ ಕಾಲಿಗೆ ಕೂಡ ಕಾಲುಚೀಲ. "ಗೌರಿ ಮನೇಲಿ ಬರೀ ಮೈಯಲ್ಲಿರೋದು ಹಲ್ಲಿ ಒಂದೇಯ" ಎಂದು ಅಪ್ಪ ರೇಗಿಸುತ್ತಿದ್ದ. ಅವತ್ತು ಅವಳು ಬಸ್ಸಿಳಿದು ನೇರ ಆಸ್ಪತ್ರೆಗೆ ಬಂದಳು. ನನ್ನನ್ನು ಒಳಗೆ ಕರೆದೊಯ್ದ ಮೇಲೆ ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಕೂತು, ಚೀಲದಿಂದ ದಾರದ ಉಂಡೆ ತೆಗೆದು ಹೆಣೆಯತೊಡಗಿದಳು. ಅವ್ವನಿಗೆ ಸಿಟ್ಟು ನೆತ್ತಿಗೇರಿತು.

"ಮಗ್ಳು ಒಳ್ಗೆ ಅಂಗೆ ಬಿದ್ದವ್ಳೆ, ನೀನು ದಾರ ಇಡ್ಕಂಡು ಕುಂತಿದ್ದೀಯಲ್ಲೇ!"

"ಸುಮ್ಕೆ ಕುಂತಿರಾಕೆ ಆಗಾಕಿಲ್ಲ ಕಣಕ್ಕ" ಅಂದಳು ಚಿಕ್ಕವ್ವ ತಲೆ ಎತ್ತದೆ. "ಮಗೀಗೆ ಕುಲಾವಿ ಮಾಡ್ತಾ ಇವ್ನಿ. ಅದ್ರವ್ವ ಎದ್ದು ಬಂದಾಗ ಮಗು ಸಿಂಗಾರವಾಗಿರಬ್ಯಾಡ್ವಾ?"

ಅವ್ವ ಪಕ್ಕದಲ್ಲಿ ಕೂತು ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, ತಂಗಿ ಎಳೆದ ಹಾಗೆಲ್ಲ ದಾರ ಬಿಡುತ್ತ ಹೋದಳಂತೆ. ಹೊರಗೆ ಬಂದ ಡಾಕ್ಟರು "ಬದುಕಿದ್ದಾರೆ, ಕಾದು ನೋಡೋಣ" ಎಂದಾಗ ಕುಲಾವಿಗೆ ಕಿವಿಯ ಪಟ್ಟಿಯಷ್ಟೇ ಬಾಕಿಯಿತ್ತು.

ಆಸ್ಪತ್ರೆಯಲ್ಲಿ ಅವ್ವನನ್ನು ಕುಗ್ಗಿಸಿದ್ದು ಒಂದು ಪ್ರಶ್ನೆ. "ಬಾಣಂತನದಲ್ಲಿ ನೀರು ಸರಿಯಾಗಿ ಕುಡೀತಿದ್ರಾ?" ಅಂತ ಒಬ್ಬ ಡಾಕ್ಟರಮ್ಮ ಕೇಳಿದರು. ಬಾಣಂತಿಗೆ ಹೆಚ್ಚು ನೀರು ಕೊಡಬಾರದು ಎಂದು ಅವ್ವನಿಗೆ ಅವಳ ಅವ್ವ ಕಲಿಸಿದ್ದಳು. ನನಗೂ ಗುಟುಕು ಲೆಕ್ಕದಲ್ಲೇ ಸಿಗುತ್ತಿತ್ತು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಬೇಗ ಹೆಪ್ಪುಗಟ್ಟುತ್ತದಂತೆ. ಅವ್ವ ಅಲ್ಲೇ ಅತ್ತಳು. ಆ ಡಾಕ್ಟರಮ್ಮ ಅವಳ ಭುಜ ಹಿಡಿದು, ಇದಕ್ಕೆ ಕಾರಣ ನೂರೆಂಟು, ನಿಮ್ಮೊಬ್ಬರ ತಲೆಗೆ ಕಟ್ಟಿಕೊಳ್ಳಬೇಡಿ ಅಂದರಂತೆ. ಈಗ ಊರಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅವ್ವ ಚೊಂಬು ಹಿಡಿದು ಹೋಗಿಬಿಡುತ್ತಾಳೆ. "ಮೊದ್ಲು ನೀರು ಕುಡಿ, ಆಮ್ಯಾಕೆ ಮಾತು."

ನನಗೆ ಎಚ್ಚರವಾದಾಗ ಮೊದಲು ಕಂಡದ್ದು ನರ್ಸಿನ ಕೈ. ನನ್ನ ಎಡಗಡೆಯಲ್ಲಿ ಏನೂ ಇರಲಿಲ್ಲ. ಕೈ ಇತ್ತು, ಕಾಲಿತ್ತು, ಆದರೆ ಅವು ಯಾರದೋ ಸಾಮಾನನ್ನು ಹಾಸಿಗೆಯಲ್ಲಿ ಬಿಟ್ಟುಹೋದ ಹಾಗೆ ಬಿದ್ದಿದ್ದವು. "ಮಗು?" ಅಂದೆ. ಊರಲ್ಲಿ ಅತ್ತಿಗೆಯ ಹತ್ತಿರ ಚೆನ್ನಾಗಿದೆ ಅಂದರು. ಅಣ್ಣನ ಹೆಂಡತಿಗೂ ಆಗ ಕೈಕೂಸಿತ್ತು. ತನ್ನ ಮಗುವಿನ ಜೊತೆ ನನ್ನ ಮಗುವಿಗೂ ಎದೆ ಕೊಟ್ಟಿದ್ದಳು. ಯಾರೂ ಕೇಳಿರಲಿಲ್ಲ, ಹಸಿದು ಅತ್ತಾಗ ಎತ್ತಿಕೊಂಡಳಂತೆ, ಅಷ್ಟೆ. ಆ ಋಣದ ಮಾತು ಎತ್ತಿದರೆ ಈಗಲೂ ಎದ್ದು ಒಳಗೆ ಹೋಗುತ್ತಾಳೆ.

ವಾರ್ಡಿಗೆ ತಂದ ಮೇಲೆ ಒಂದು ದಿನ ತಲೆಯ ಪಟ್ಟಿ ಬಿಚ್ಚಿದರು. ಅವ್ವ ಗೋಡೆ ಕಡೆ ತಿರುಗಿಕೊಂಡಳು. ಯೋಗೇಶ್ ನೆಲ ನೋಡುತ್ತ ನಿಂತರು. ಹೆದರಿಕೆ ಅವರಿಬ್ಬರ ನಿಲುವಲ್ಲೇ ಕಾಣುತ್ತಿತ್ತು. ಚಿಕ್ಕವ್ವ ಮಾತ್ರ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖ ದೇವರ ಮುಂದೆ ನಿಂತವರ ಮುಖದ ಹಾಗಾಯಿತು.

"ಮಿಡೀತಾ ಅದೆ ಕಣಮ್ಮಿ" ಅಂದಳು ಪಿಸುದನಿಯಲ್ಲಿ. "ಎಳೇ ಮಗೀನ ನೆತ್ತಿ ಮಿಡಿಯಾಕಿಲ್ವಾ, ಅಂಗೇಯ. ಅಕ್ಕಾ, ಬಾರೇ ಇಲ್ಲಿ, ಹೆದರ್ಕೊಳೋ ಅಂತದ್ದೇನಿಲ್ಲ. ನಿನ್ ಮಗ್ಳು ಇನ್ನೊಂದ್ಸಲ ಹುಟ್ಟವ್ಳೆ."

ಕನ್ನಡಿ ಕೇಳಿದೆ. ಅವಳು ಮೊಬೈಲಿನ ಕ್ಯಾಮೆರಾ ತಿರುಗಿಸಿ ಹಿಡಿದಳು. ಅರ್ಧ ಬೋಳು ತಲೆ, ಕುದುರೆಲಾಳದಂತೆ ಬಾಗಿದ ಹೊಲಿಗೆ, ಅದರ ನಡುವೆ ಚರ್ಮ ಏಳುತ್ತಿತ್ತು, ಇಳಿಯುತ್ತಿತ್ತು. ಕೆಮ್ಮಿದರೆ ಉಬ್ಬಿತು. ಉಸಿರು ಬಿಟ್ಟಾಗ ತಗ್ಗಿತು. ಅದರ ಕೆಳಗೆ ಬೇರೇನೂ ಇಲ್ಲ, ನಾನೇ ಇದ್ದೇನೆ. ನನ್ನ ಹೆಸರು, ಮಗುವಿನ ಮುಖ, ಶೀಳನೆರೆಯ ದಾರಿ ಎಲ್ಲವೂ ಆ ತೆಳು ಚರ್ಮದ ಅಡಿಯಲ್ಲಿ ಮಿಡಿಯುತ್ತಿದೆ. ನಾನು ಯೋಚಿಸುವುದನ್ನು ನಾನೇ ಕಣ್ಣಾರೆ ನೋಡುತ್ತಿದ್ದೇನೆ ಅನ್ನಿಸಿತು. ಅಳಬೇಕೆಂದು ಕನ್ನಡಿ ಕೇಳಿದ್ದೆ. ಅಳು ಬರಲಿಲ್ಲ.

ಬಾಬುರಾಯನಕೊಪ್ಪಲಿಗೆ ವಾಪಸು ಬಂದೆ. ಚಿಕ್ಕವ್ವ ಹೆಣೆದ ಬಿಳಿ ಕುಲಾವಿ ಹಾಕಿಸಿ ಅತ್ತಿಗೆ ಮಗುವನ್ನು ನನ್ನ ಬಲಗಡೆ ಮಲಗಿಸಿದಳು. ಕುಲಾವಿಯ ದಾರ ಬಿಚ್ಚಿ ನೋಡಿದೆ. ಅಲ್ಲೂ ನೆತ್ತಿ ಮಿಡಿಯುತ್ತಿತ್ತು, ನನ್ನದಕ್ಕಿಂತ ಸಣ್ಣದಾಗಿ, ಬೇಗಬೇಗ. ತಾಯಿಗೂ ಮಗುವಿಗೂ ಒಂದೇ ಹೊತ್ತಿನಲ್ಲಿ ತಲೆ ತೆರೆದಿರುವುದನ್ನು ಯಾರು ಎಲ್ಲಿ ಕಂಡಿದ್ದಾರೋ ನನಗೆ ಗೊತ್ತಿಲ್ಲ.

ನೋಡಲು ಶೀಳನೆರೆಯಿಂದ ಅತ್ತೆ ಬಂದರು. ನಾನು ನಿಜವಾಗಿ ಹೆದರಿದ್ದು ಅವರಿಗೆ. ಅವರು ಕಡಿಮೆ ಮಾತಿನವರು, ಕೊಟ್ಟಿಗೆಯಲ್ಲಿ ಹಸು ಒದ್ದರೂ ಬೈಯದವರು. ಅವರ ಮನಸ್ಸಲ್ಲಿ ಏನಿದೆ ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಮಗುವಿನ ನೆತ್ತಿಗೆ ಹರಳೆಣ್ಣೆ ಇಟ್ಟು ತಟ್ಟುತ್ತಿದ್ದವರು ತಿರುಗಿ ನನ್ನ ತಲೆ ನೋಡಿದರು.

"ಇಲ್ಲಿಗೂ ಒಸಿ ಇಡ್ಲಾ?"

"ಎಣ್ಣೆ ಬ್ಯಾಡ ಅಂದವ್ರೆ ಅತ್ತೆ, ಮುಟ್ಟಂಗೂ ಇಲ್ಲ" ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂಗೈಯನ್ನು ಮುಟ್ಟದ ಹಾಗೆ ನನ್ನ ತಲೆಯ ಮೇಲೆ ಹಿಡಿದು, ಒಲೆಯ ಕಾವು ನೋಡುವವರಂತೆ ನಿಂತರು. "ಬಿಸಿ ತಗುಲ್ತದೆ ಕಣವ್ವ" ಅಂದರು. ಆಮೇಲೆ ಹೊಟ್ಟೆಯ ಗಾಯ ತೋರಿಸಿದೆ. ಅದನ್ನು ನೋಡಿ ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ನಿನ್ ಹೊಟ್ಟೆಗೆ ದಣಿವೇ ಇಲ್ವಲ್ಲವ್ವ! ಮಗೀನ ಇಳಿಸ್ತು, ಈಗ ಬುರುಡೇನ ಹೊತ್ಕಂಡದೆ." ನಾನು ನಕ್ಕೆ. ನಕ್ಕರೆ ಮೂಳೆ ಒತ್ತಿತು. ಅವರು ಹಸುಗಳನ್ನು ಯೋಗೇಶ್‌ಗೆ ಒಪ್ಪಿಸಿ ನಮ್ಮ ತವರಲ್ಲೇ ಉಳಿದುಬಿಟ್ಟರು.

ಆ ದಿನಗಳಲ್ಲಿ ನನಗೆ ಎಲ್ಲದರ ಮೇಲೂ ಭಯ. ಬಾಗಿಲ ಚೌಕಟ್ಟು, ಬೀದಿಯಲ್ಲಿ ಮಕ್ಕಳ ಚೆಂಡು, ಅಟ್ಟದ ಮೇಲಿನ ಪಾತ್ರೆ. ಆ ಜಾಗಕ್ಕೆ ಏಟು ಬೀಳಲೇಬಾರದು ಎಂದಿದ್ದರು ಡಾಕ್ಟರು. ಯೋಗೇಶ್ ಸೈಕಲ್ ಹೆಲ್ಮೆಟ್ ತಂದರು. ಹಾಕಿಕೊಂಡರೆ ಹೊಲಿಗೆಗೆ ಉಜ್ಜಿ ಉರಿ, ಸೆಕೆ. ತೆಗೆದಿಟ್ಟರೆ ಹೆದರಿಕೆ. ದಿನವಿಡೀ ಗೋಡೆಗೆ ಅಂಟಿಕೊಂಡಂತೆ ಕೂರುತ್ತಿದ್ದೆ.

ಚಿಕ್ಕವ್ವ ಒಂದು ದಾರದಿಂದ ನನ್ನ ತಲೆ ಸುತ್ತ ಅಳತೆ ತೆಗೆದುಕೊಂಡು ಪಾಂಡವಪುರಕ್ಕೆ ಹೋದಳು. ಮೊದಲು ತಂದದ್ದು ಉಲ್ಲನ್ ಟೋಪಿ. ಕಡಿತ ಶುರುವಾಯಿತು. ಎರಡನೆಯದು ಹತ್ತಿ ದಾರದ್ದು, ಆದರೆ ಅದರ ಜೋಡಣೆ ಸರಿಯಾಗಿ ಹೊಲಿಗೆಯ ಮೇಲೆಯೇ ಕೂತಿತು. ಬಿಚ್ಚಿ ಹಾಕಿದಳು. "ತಲೇಲಿ ಒಂದು ಹೊಲಿಗೆ ಇರೋವಾಗ ಟೋಪೀಲಿ ಇನ್ನೊಂದ್ಯಾಕೆ" ಎಂದು ತನಗೆ ತಾನೇ ಹೇಳಿಕೊಂಡು, ನೆತ್ತಿಯಿಂದ ಶುರುಮಾಡಿ ಜೋಡಣೆಯೇ ಇಲ್ಲದೆ ಸುತ್ತುಸುತ್ತಾಗಿ ಹೆಣೆದಳು. ಆಮೇಲೆ ಅವಳಿಗೆ ಹೊಳೆದದ್ದು ಸಿಂಬಿ. ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಬಟ್ಟೆ ಸುತ್ತಿ ಇಟ್ಟುಕೊಳ್ಳುವ ಬಳೆಯಂಥ ಸಿಂಬಿ. ಮೂಳೆಯಿಲ್ಲದ ಜಾಗದ ಸುತ್ತ, ಗಟ್ಟಿ ಮೂಳೆಯ ಮೇಲೆ ಕೂರುವಂತೆ, ದಪ್ಪನೆಯ ಹತ್ತಿ ತುಂಬಿದ ಒಂದು ಸಿಂಬಿಯನ್ನು ಟೋಪಿಯ ಒಳಗೆ ಹೆಣೆದು ಸೇರಿಸಿದಳು. ಈಗ ಏನು ತಗುಲಿದರೂ ಮೊದಲು ಸಿಂಬಿಗೆ ತಗುಲಬೇಕು. ನಡುವಿನ ಜಾಗ ಯಾವುದಕ್ಕೂ ಸೋಕದೆ ಹಾಯಾಗಿ ಮಿಡಿಯುತ್ತಿತ್ತು.

ಡಾಕ್ಟರು ಅದನ್ನು ಬೆರಳಿನಿಂದ ಒತ್ತಿ, ತಿರುಗಿಸಿ ನೋಡಿದರು. "ಮನೆಯೊಳಗೆ ಇದನ್ನ ಹಾಕ್ಕೊಳ್ಳಿ. ಹೊರಗೆ ಬರೋವಾಗ ಮೇಲೊಂದು ಹೆಲ್ಮೆಟ್ ಇರಲಿ" ಅಂದರು. ಸಿಂಬಿಯ ದೆಸೆಯಿಂದ ಈಗ ಹೆಲ್ಮೆಟ್ಟೂ ಉಜ್ಜುತ್ತಿರಲಿಲ್ಲ.

ತಿಳಿನೀಲಿ ಟೋಪಿ ಅದು. ಉಳಿದ ದಾರದಲ್ಲಿ ಮಗುವಿಗೂ ಒಂದು ಹೆಣೆದಳು. ನನ್ನ ತಲೆ ನೋಡಿ ಲೊಚಗುಟ್ಟಲೆಂದು ಬಂದ ನೆಂಟರು ಬಾಗಿಲಲ್ಲೇ ನಿಂತು, "ಅಯ್ಯೋ, ತಾಯಿ ಮಗೀಗೆ ಒಂದೇ ಟೋಪಿ!" ಎಂದು ನಗುತ್ತ ಒಳಗೆ ಬರುತ್ತಿದ್ದರು. ಕೇಳಬೇಕೆಂದು ತಂದ ಪ್ರಶ್ನೆಗಳು ಅರ್ಧಕ್ಕರ್ಧ ಕರಗಿಹೋಗುತ್ತಿದ್ದವು.

ಎಡಗಾಲು ಮೆಲ್ಲಗೆ ಮರಳಿತು. ಕೈ ಮರಳಲಿಲ್ಲ. ರಬ್ಬರ್ ಚೆಂಡು ಹಿಸುಕಿ ಎಂದು ವ್ಯಾಯಾಮದವರು ಹೇಳಿಕೊಟ್ಟಿದ್ದರು. ಹಿಸುಕಲು ಕೈಗೆ ಮನಸ್ಸಿಲ್ಲ, ಚೆಂಡು ನೋಡಿದರೆ ನನಗೆ ಅಳು. ಮಗುವನ್ನು ಯಾರಾದರೂ ಎತ್ತಿ ಮಡಿಲಿಗಿಡಬೇಕು, ಯಾರಾದರೂ ಹಿಡಿದಿರಬೇಕು. ಅವಳು ನನ್ನ ಎಡಗೈಯ ಬೆರಳು ಹಿಡಿದುಕೊಂಡರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಣ್ಣಿಂದ ನೋಡಿ ತಿಳಿಯಬೇಕು.

ಚಿಕ್ಕವ್ವ ಚೆಂಡನ್ನು ಪಕ್ಕಕ್ಕಿಟ್ಟು ಕ್ರೋಶಾ ಕಡ್ಡಿಯನ್ನು ನನ್ನ ಬಲಗೈಗೆ ಕೊಟ್ಟಳು. ದಾರವನ್ನು ಎಡಗೈಯ ಕಿರುಬೆರಳಿಗೆ ಸುತ್ತಿ, ತೋರುಬೆರಳ ಮೇಲೆ ಹಾಯಿಸಿದಳು.

"ಈ ಕೈಗೆ ಕೆಲ್ಸ ಇಲ್ಲ ಕಣವ್ವ. ದಾರ ಓಡದಂಗೆ ತಡ್ದ್ರೆ ಸಾಕು. ಮಿಕ್ಕಿದ್ದು ಬಲಗೈ ಮಾಡ್ತದೆ."

ತಡೆಯಲು ಬರಲಿಲ್ಲ. ದಾರ ಸರಸರ ಜಾರುತ್ತಿತ್ತು. ಕುಣಿಕೆಗಳು ಒಂದು ಇಷ್ಟಗಲ, ಒಂದು ಸೂಜಿಮೊನೆ. ಆದರೂ ಬರೀ ಸರಪಣಿ ಹೆಣೆದೆ, ಬಿಚ್ಚಿದೆ, ಹೆಣೆದೆ. ಬೇರೆ ಮಾಡಲು ನನಗೇನೂ ಇರಲಿಲ್ಲ. ಹೀಗೇ ವಾರಗಳು ಹೋದವು. ಒಂದು ಮಧ್ಯಾಹ್ನ, ಜಗಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಡ್ಡಿಯಲ್ಲಿ ದಾರ ಎಳೆದೆ. ಎಡ ತೋರುಬೆರಳಿನ ಮೇಲೆ ಏನೋ ಹರಿದ ಹಾಗಾಯಿತು. ಇರುವೆ ಎಂದುಕೊಂಡೆ. ನೋಡಿದರೆ ಇರುವೆ ಇರಲಿಲ್ಲ. ಮತ್ತೆ ಎಳೆದೆ. ಮತ್ತೆ ಹರಿಯಿತು. ದಾರದ ಒರಟು, ಅದರ ಹುರಿ, ಅದು ಬೆರಳನ್ನು ದಾಟಿ ಹೋಗುವುದು, ಎಲ್ಲ.

"ಅತ್ತೆ, ದಾರ ತಿಳೀತಾ ಅದೆ!" ಎಂದು ಕೂಗಿದೆ.

ಅವರು ಮೊರ ಬಿಟ್ಟು ಬಂದರು. ನನ್ನ ಕಣ್ಣು ಮುಚ್ಚಿಸಿ, ದಾರವನ್ನು ತಾವೇ ಒಂದೊಂದು ಬೆರಳ ಮೇಲೆ ಎಳೆದರು. "ಈಗ್ಲಾ? ಈಗ?" ಕಿರುಬೆರಳು ಇನ್ನೂ ನಿದ್ದೆಯಲ್ಲಿತ್ತು. ಉಳಿದವು "ಹೂಂ" ಅಂದವು. ಕಣ್ಣು ತೆರೆದಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಒಳಗೆ ಹೋಗಿ ಮಗುವನ್ನು ಎತ್ತಿ ತಂದು ನನ್ನ ಎಡ ತೋಳಿಗೆ ಕೊಟ್ಟರು. ತಮ್ಮ ಕೈಯನ್ನು ಕೆಳಗೆ ಇಟ್ಟುಕೊಂಡೇ ಇದ್ದರು, ಆದರೆ ತಗುಲಿಸಲಿಲ್ಲ. ನನ್ನ ಮಗುವಿಗೆ ಇಷ್ಟೊಂದು ಭಾರವಿದೆ ಎಂದು ನನಗೆ ಅವತ್ತು ಗೊತ್ತಾಯಿತು.

ಮೊದಲು ಮುಗಿಸಿದ್ದು ಮಗುವಿಗೊಂದು ತಲೆಪಟ್ಟಿ, ಸೊಟ್ಟಸೊಟ್ಟ. ಆಮೇಲೆ ಟೋಪಿ. ಮಾಡುವವರಿಗೆಂದು ಇಲ್ಲೇ ಹೇಳಿಬಿಡುತ್ತೇನೆ, ಏನೂ ಕಷ್ಟವಿಲ್ಲ. ಮೆತ್ತನೆಯ ಹತ್ತಿ ದಾರ ತೆಗೆದುಕೊಳ್ಳಿ. ನೆತ್ತಿಯಲ್ಲಿ ಪುಟ್ಟ ಉಂಗುರ ಮಾಡಿ ಅದರೊಳಗೆ ಕೆಲವು ಕುಣಿಕೆ. ಮುಂದಿನ ಸುತ್ತಿನಲ್ಲಿ ಪ್ರತಿ ಕುಣಿಕೆಗೆ ಎರಡೆರಡು. ಆಮೇಲೆ ಒಂದು ಬಿಟ್ಟು ಒಂದಕ್ಕೆ ಎರಡು, ಹೀಗೆ ನಿಧಾನವಾಗಿ ಅಗಲಿಸುತ್ತ ದೋಸೆಯ ಹಾಗೆ ಚಪ್ಪಟೆಯಾಗಿ ಬರಬೇಕು. ತಲೆಯ ಮೇಲ್ಭಾಗಕ್ಕೆ ಸಾಕಾಯಿತು ಅನ್ನಿಸಿದಾಗ ಹೆಚ್ಚಿಸುವುದನ್ನು ನಿಲ್ಲಿಸಿ, ಸುಮ್ಮನೆ ಸುತ್ತುತ್ತ ಹೋದರೆ ಅದು ತಾನಾಗಿ ಕೆಳಗೆ ಇಳಿಯುತ್ತದೆ. ಗಂಟು ಹೊರಗಡೆ ಬರಲಿ, ಒಳಗೆ ಬೇಡ. ಬಿಗಿ ಬೇಡ. ಗಾಯದ ತಲೆ ಒಂದೊಂದು ದಿನ ಒಂದೊಂದು ಅಳತೆ. ಚಪ್ಪಟೆಯಾಗಿದ್ದ ದಾರ ನನ್ನ ಕೈಯಲ್ಲೇ ಬಾಗಿ ತಲೆಯ ಆಕಾರ ತಾಳಿದ್ದನ್ನು ಮೊದಲ ಸಲ ನೋಡಿದಾಗ, ಕಡ್ಡಿ ಕೆಳಗಿಟ್ಟು ಅದನ್ನು ಮುಷ್ಟಿಯ ಮೇಲೆ ಏರಿಸಿ ನೋಡಿದೆ. ಈಗಲೂ ಪ್ರತಿ ಟೋಪಿಯಲ್ಲೂ ಆ ತಿರುವು ಬಂದಾಗ ಒಂದು ಗಳಿಗೆ ನಿಲ್ಲುತ್ತೇನೆ.

ಮೂಳೆ ವಾಪಸು ಕೂರಿಸುವ ಆಪರೇಷನ್‌ಗೆ ಒಮ್ಮೆ ದಿನ ಗೊತ್ತಾಗಿ, ನನಗೆ ಜ್ವರ ಬಂದು ಮುಂದಕ್ಕೆ ಹೋಯಿತು. ಹೊಟ್ಟೆಯಲ್ಲಿರುವುದು ಕೆಟ್ಟಿರಬಹುದೇ ಎಂದು ಎಲ್ಲರಿಗೂ ಅಳುಕು. ಎರಡನೆಯ ಸಲ ಹೋದಾಗ, ಒಳಗೆ ಕರೆಯುವ ಮೊದಲು ಟೋಪಿ ತೆಗೆದು ಯೋಗೇಶ್ ಕೈಗೆ ಕೊಟ್ಟೆ.

"ಮಗು ಅತ್ರೆ ತಟ್ಟಿ, ಎತ್ಕೊಂಡು ಓಡಾಡ್ಸಿ" ಅಂದೆ.

"ಹೂಂ. ನೀನು ಬೇಗ ಬಾ" ಅಂದರು, ಸಂತೆಗೆ ಹೋಗುವವಳಿಗೆ ಹೇಳುವ ಹಾಗೆ.

ಆಮೇಲೆ ಚಿಕ್ಕವ್ವ ಹೇಳಿದ್ದು. ನಾನು ಒಳಗಿದ್ದಷ್ಟು ಹೊತ್ತೂ ಅವರು ಆ ತಿಳಿನೀಲಿ ಟೋಪಿಯನ್ನು ತಮ್ಮ ತಲೆಗೆ ಹಾಕಿಕೊಂಡು ಕೂತಿದ್ದರಂತೆ. ಮೀಸೆ ಹೊತ್ತ ಗಂಡಸು, ತಲೆಯ ಒಂದು ಪಕ್ಕ ಸಿಂಬಿ ಉಬ್ಬಿದ ಹೆಣ್ಣುಮಗಳ ಟೋಪಿ. ಹೋಗಿಬರುವವರು ನೋಡುತ್ತಿದ್ದರು. ಯಾರ ಪರಿವೆಯೂ ಯೋಗೇಶ್‌ಗೆ ಇರಲಿಲ್ಲ. ಡಾಕ್ಟರು ಹೊರಬಂದು, ಮೂಳೆ ಚೆನ್ನಾಗಿತ್ತು, ಸರಿಯಾಗಿ ಕೂತಿದೆ ಎಂದು ಹೇಳಿ, ಕೊನೆಗೆ "ಇನ್ನು ಅದನ್ನ ತೆಗೀಬಹುದು" ಅಂದಾಗಲೇ ಕೈ ತಲೆಗೆ ಹೋದದ್ದು.

ಗಾಯ ಮಾಗಿದ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿಕೊಂಡೆ. ಟಕಟಕ ಎಂದಿತು. ಮಿಡಿತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು. ಸಂತೋಷದ ಜೊತೆ ಸಣ್ಣದೊಂದು ಬೇಸರವೂ ಆಯಿತು, ಸುಳ್ಳು ಹೇಳುವುದಿಲ್ಲ. ಅದಾದ ಮೇಲೂ ಬಹಳ ದಿನ ಪೂರ್ವಿಯ ನೆತ್ತಿ ಮಿಡಿಯುತ್ತಿತ್ತು. ಅವಳಿಗೆ ಎಣ್ಣೆ ಇಡುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಯಾವ ದಿನ ಕೂಡಿಕೊಂಡಿತೋ ತಿಳಿಯಲೇ ಇಲ್ಲ.

ಈಗ ಶೀಳನೆರೆಯಲ್ಲಿದ್ದೇನೆ, ಕೆಲಸಕ್ಕೂ ಹೋಗುತ್ತೇನೆ. ಫಿಟ್ಸಿನ ಮಾತ್ರೆ ನಡೆಯುತ್ತಿದೆ. ಎಡ ಕಿರುಬೆರಳು ಇವತ್ತಿಗೂ ಸೋಮಾರಿ. ತಪಾಸಣೆಗೆ ಹೋದಾಗ ಚೀಲದಲ್ಲಿ ಒಂದೆರಡು ಸಿಂಬಿ ಟೋಪಿ ಇಟ್ಟುಕೊಂಡಿರುತ್ತೇನೆ. ಹೋದ ಸಲ ನಾಗಮಂಗಲ ಕಡೆಯ ದೇವಲಾಪುರದ ಒಬ್ಬ ತಾಯಿ, ತಲೆಗೆ ಪಟ್ಟಿ ಕಟ್ಟಿದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಕಡೆ ನೋಡಲಾರದೆ ಬೇರೆಲ್ಲೋ ನೋಡುತ್ತಿದ್ದಳು. ಟೋಪಿ ಕೊಟ್ಟು, ನನ್ನ ತಲೆಯನ್ನು ಮುಟ್ಟಿ ನೋಡಲು ಹೇಳಿದೆ. ಮುಟ್ಟಿದಳು. ಕೈ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮೂಳೆ ಕೂಡಿದ ಕಡೆ, ನನ್ನ ಬಲ ಕಣತಲೆಯ ಮೇಲೆ, ಸಣ್ಣದೊಂದು ಗುಳಿ ಉಳಿದಿದೆ. ಕೂದಲು ಅದನ್ನು ಮುಚ್ಚುತ್ತದೆ. ಪೂರ್ವಿ ಅದನ್ನು ಯಾವಾಗ ಕಂಡುಹಿಡಿದಳೋ! ಮಡಿಲಿಗೆ ಬಂದರೆ ಸಾಕು, ಕೂದಲೊಳಗೆ ಕೈ ಹಾಕಿ ತೋರುಬೆರಳನ್ನು ಆ ಗುಳಿಯಲ್ಲಿ ಇಡುತ್ತಾಳೆ. ಅಳತೆ ತೆಗೆದು ಮಾಡಿದಂತೆ ಕೂರುತ್ತದೆ. ಈಚೆಗೆ ಅಂಗನವಾಡಿಗೆ ಸೇರಿಸಿದ್ದೇವೆ. ಮೊನ್ನೆ ನಾನು ಕೆಲಸಕ್ಕೆ ರಜೆ ಹಾಕಿದ್ದೆ. ಮಧ್ಯಾಹ್ನ ಬಂದವಳು ಬ್ಯಾಗು ಕೂಡ ಇಳಿಸದೆ, ಮುಖ ಸಣ್ಣದು ಮಾಡಿಕೊಂಡು ನನ್ನ ಮುಂದೆ ನಿಂತಳು.

"ಟೀಚರ್ ತಲೇಲಿ ಗುಳಿ ಇಲ್ಲ ಕಣವ್ವ. ನಾ ನೋಡ್ದೆ" ಅಂದಳು. "ಪಾಪ, ಅವ್ರ ಪಾಪು ಬೆರಳ್ನ ಎಲ್ಲಿ ಮಡಗ್ತದೆ?"